ಕೂಗದ ಪೆಟ್ಟಿಗೆ

ನಮ್ಮ ವರ್ಕ್‌ಶಾಪಿನಲ್ಲಿ ಬಾಯ್ಲರ್ ಎಂದರೆ ಒಂದು ಉಪ್ಪಿನಕಾಯಿ ಬಾಟಲಿ. ಅಗಲ ಬಾಯಿಯ ಆ ಗಾಜಿನ ಬಾಟಲಿಯನ್ನು ನಾನೇ ಮನೆಯಿಂದ ತೊಳೆದು ತಂದಿದ್ದೆ. ಎಷ್ಟು ತೊಳೆದರೂ ಮುಚ್ಚಳದಲ್ಲಿ ಸಾಸಿವೆಯ ವಾಸನೆ ಉಳಿದಿತ್ತು. ಅದರ ತುಂಬ ನೀರು, ಕರೆಂಟು ಹರಿಯಲೆಂದು ನೀರಿಗೆ ಒಂದು ಚಿಟಿಕೆ ಉಪ್ಪು, ಮುಚ್ಚಳಕ್ಕೆ ತೂತು ಕೊರೆದು ಇಳಿಬಿಟ್ಟ ಮೂರು ಸ್ಟೀಲ್ ಕಡ್ಡಿಗಳು. ಒಂದು ಉದ್ದ, ಒಂದು ನಡುವಿನದು, ಒಂದು ಗಿಡ್ಡ. ಮೂರೂ ನೀರಿನಲ್ಲಿದ್ದರೆ, ವಯರಿನಿಂದ ಅವಕ್ಕೆ ಜೋಡಿಸಿದ ನಮ್ಮ ಪೆಟ್ಟಿಗೆಯ ಪರದೆಯ ಮೇಲೆ ‘ತುಂಬ’ ಎಂದು ಬರಬೇಕು. ಗಿಡ್ಡ ಕಡ್ಡಿ ನೀರಿನಿಂದ ಮೇಲೆ ಬಂದರೆ ‘ಅರ್ಧ’. ನಡುವಿನದೂ ಮೇಲೆ ಬಂದರೆ ‘ಕಡಿಮೆ’, ಅದರ ಜೊತೆಗೆ ಸೈರನ್. ಇಷ್ಟೇ ಅದರ ಕೆಲಸ.

ವರ್ಕ್‌ಶಾಪ್ ಇದ್ದದ್ದು ಮೂಡಬಿದಿರೆಯಲ್ಲಿ, ಒಬ್ಬ ಟೈಲರರ ಅಂಗಡಿಯ ಮೇಲೆ. ಇಂಜಿನಿಯರ್ ಒಬ್ಬರು ಅದರ ಯಜಮಾನರು. ಎಂಬತ್ತರ ದಶಕದಲ್ಲಿ ಡಿಪ್ಲೊಮಾ ಮುಗಿಸಿದ ನಾನು ಅವರ ಹತ್ತಿರ ಸ್ಟೆಬಿಲೈಸರ್ ರಿಪೇರಿಗೆಂದು ಸೇರಿದವಳು. ಕಂಪ್ಯೂಟರ್ ಬಂದ ಮೇಲೆ ಪ್ರೋಗ್ರಾಂ ಬರೆಯುವ ಕೆಲಸವೂ ನನ್ನ ಪಾಲಿಗೆ ಬಂತು. ಪುತ್ತಿಗೆಯಿಂದ ಬೆಳಿಗ್ಗೆ ಎಂಟೂಮುಕ್ಕಾಲರ ಬಸ್ಸು ಹಿಡಿದು ಬರುತ್ತಿದ್ದೆ, ಸಂಜೆ ಐದೂವರೆಗೆ ಮರಳುತ್ತಿದ್ದೆ.

ನನಗೆ ಬರೆದಿಡುವ ಚಟ. ಮಾವಿನ ಮಿಡಿ ಯಾವ ದಿನ ಉಪ್ಪಿಗೆ ಹಾಕಿದೆ, ಮಗನ ಜ್ವರ ಯಾವ ದಿನ ಬಿಟ್ಟಿತು, ಬೆಕ್ಕು ಎಷ್ಟು ಮರಿ ಹಾಕಿತು, ಎಲ್ಲ ಒಂದು ಪುಸ್ತಕದಲ್ಲಿ. ಗ್ಯಾಸ್ ಸಿಲಿಂಡರ್ ಬದಲಿಸಿದರೆ ಖಾಲಿಯದನ್ನು ಹೊರಗಿಡುವ ಮೊದಲೇ ತಾರೀಕು ಬರೆದಾಗಿರುತ್ತಿತ್ತು. ಮೊದಲು ಬರೆ, ಆಮೇಲೆ ಕೆಲಸ. ಈ ಅಭ್ಯಾಸವನ್ನು ಮನೆಯಲ್ಲಿ ಎಲ್ಲರೂ ತಮಾಷೆ ಮಾಡುತ್ತಿದ್ದರು. ನಾನೇ ಬರೆದ ಪ್ರೋಗ್ರಾಮಿನೊಳಗೂ ಅದು ಹೋಗಿ ಕೂತೀತು ಎಂದು ನನಗೆ ಹೊಳೆದಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಮೂರು ನಾಲ್ಕು ವರ್ಷವಾಗಿತ್ತು. ಬೆಳ್ತಂಗಡಿಯ ಪಕ್ಕದ ಲಾಯಿಲದಲ್ಲಿ ಒಂದು ಗೇರುಬೀಜದ ಕಾರ್ಖಾನೆ. ನನ್ನ ಅಕ್ಕನನ್ನು ಕೊಟ್ಟದ್ದು ಲಾಯಿಲಕ್ಕೇ. ಅವಳು ಆ ಕಾರ್ಖಾನೆಯಲ್ಲಿ ಹತ್ತು ಹನ್ನೆರಡು ವರ್ಷದಿಂದ ಬೀಜ ಬೇಯಿಸುವ ಶೆಡ್ಡಿನಲ್ಲಿದ್ದಳು. ಹಬೆಯಲ್ಲಿ ಬೆಂದ ಬೀಜವನ್ನು ಎಳೆದು ನೆಲದ ಮೇಲೆ ಹರಡುವುದು ಅವಳ ಕೆಲಸ. ಹಬೆ ಕೊಡುವ ಬಾಯ್ಲರು ಆಳೆತ್ತರದ್ದು, ಗೇರುಬೀಜದ ಸಿಪ್ಪೆ ಉರಿಸುವಂಥದ್ದು. ಸಿಪ್ಪೆಯಲ್ಲಿ ಎಣ್ಣೆ ಇರುವುದರಿಂದ ಆ ಬೆಂಕಿಗೆ ಸಿಟ್ಟು ಜಾಸ್ತಿ. ಅದನ್ನು ನೋಡಿಕೊಳ್ಳುತ್ತಿದ್ದವರು ಬ್ಯಾರಿ ಮುಸ್ಲಿಂ ಸಮುದಾಯದ ಒಬ್ಬ ಹಿರಿಯರು. ಎಲ್ಲರೂ ಅವರನ್ನು ಕಾಕ ಎನ್ನುತ್ತಿದ್ದರು, ನಾನೂ.

ಬಾಯ್ಲರಿನ ಪಕ್ಕದಲ್ಲಿ ಒಂದು ಗಾಜಿನ ಕೊಳವೆ. ಒಳಗೆ ನೀರು ಎಷ್ಟಿದೆ ಎಂದು ಅದರಲ್ಲಿ ಕಾಣುತ್ತದೆ. ಕಾಕ ಕಾಲು ಗಂಟೆಗೊಮ್ಮೆ ಅದನ್ನು ನೋಡಬೇಕು. ಅವರಿಗೆ ಕಣ್ಣಿನ ಪೊರೆ ಬರತೊಡಗಿತ್ತು. “ನನ್ನ ತಂಗಿ ಇಂಥದ್ದಕ್ಕೆಲ್ಲ ಪೆಟ್ಟಿಗೆ ಮಾಡ್ತಾಳೆ” ಎಂದು ಮಾಲಕರಿಗೆ ಹೇಳಿದವಳು ಅಕ್ಕನೇ. ಕೆಲಸ ನಮಗೆ ಬಂತು.

ಎಲ್ಲರಿಗೂ ಒಂದೊಂದು ಬೇಡಿಕೆ. ಅಕ್ಕನದು ಅಕ್ಷರದ ವಿಷಯ. “ಅದು ಇಂಗ್ಲಿಷಿನಲ್ಲಿ ಬರೆದರೆ ನಮಗೆಂತ ಗೊತ್ತಾಗುದು ಮಾರಾಯ್ತಿ? ಕನ್ನಡದಲ್ಲಿ ಬರಲಿ, ದೊಡ್ಡ ಅಕ್ಷರದಲ್ಲಿ.” ಮಾಲಕರದು ರಿಜಿಸ್ಟರಿನ ವಿಷಯ. ನೀರು ಕಡಿಮೆಯಾದರೆ ಯಾವ ದಿನ, ಎಷ್ಟು ಗಂಟೆಗೆ ಎಂದು ಪೆಟ್ಟಿಗೆ ತನ್ನೊಳಗೆ ಬರೆದಿಡಬೇಕು. ಯಾರ ಪಾಳಿಯಲ್ಲಿ ತಪ್ಪಾಯಿತು ಎಂದು ಆಮೇಲೆ ತೆಗೆದು ನೋಡಬೇಕು. ನಾನು ಹಾಗೆಯೇ ಬರೆದೆ. ನೀರು ಕಡಿಮೆಯಾಯಿತೇ? ಮೊದಲು ತಾರೀಕು, ಸಮಯ ಬರೆ. ಆಮೇಲೆ ಪರದೆಯ ಮೇಲೆ ‘ಕಡಿಮೆ’ ಎಂದು ತೋರಿಸು. ಆಮೇಲೆ ಸೈರನ್ ಕೂಗಿಸು. ಬರೆಯುವುದಕ್ಕೆ ಕಣ್ಣುಮಿಟುಕಿಸುವಷ್ಟೂ ಹೊತ್ತು ಬೇಡ, ಮೊದಲು ಬರೆದರೇನು ಎಂದು ಯೋಚಿಸಿದ್ದೆ.

ತೊಂದರೆ ಬಂದದ್ದು ಜಾಗದ್ದು. ಪ್ರೋಗ್ರಾಂ ಎಂದರೆ ಬರೀ ಅಪ್ಪಣೆಗಳ ಪಟ್ಟಿ. ಅದು ತಾನಾಗಿ ನಡೆಯುವುದಿಲ್ಲ. ಅಕ್ಷರ ಬಿಡಿಸುವುದು, ಗಡಿಯಾರ ನೋಡುವುದು, ಕಡ್ಡಿಯಿಂದ ಬಂದ ಸುದ್ದಿ ಓದುವುದು, ಇಂಥ ಕೈಕೆಲಸಗಳೆಲ್ಲ ಸೇರಿದ ಒಂದು ಕಟ್ಟು ಅದರ ಕೆಳಗೆ ಬೇಕು. ಅದಕ್ಕೆ ರನ್‌ಟೈಮ್ ಎನ್ನುತ್ತಾರೆ. ಮದುವೆಗೆ ಅಡುಗೆಯವರನ್ನು ಕರೆಸಿದರೆ ಸಾಲದು. ಒಲೆ, ಕಡಾಯಿ, ಸೌಟು, ನೀರು ಎಲ್ಲ ಒದಗಿಸಬೇಕಲ್ಲ, ಹಾಗೆ. ನಮಗೆ ಸಿಕ್ಕಿದ ಸೀಡಿಯಲ್ಲಿ ಇಂಥ ಮೂರು ಕಟ್ಟುಗಳಿದ್ದವು. ದೊಡ್ಡದು ಹದಿನಾರು ಎಂಬಿ, ಅದರಲ್ಲಿ ಇಲ್ಲದ್ದಿಲ್ಲ. ನಡುವಿನದು ಆರು. ಚಿಕ್ಕದು ಮೂರಕ್ಕೂ ಕಡಿಮೆ. ನಮ್ಮ ಪೆಟ್ಟಿಗೆಯ ಚಿಪ್ಪಿನಲ್ಲಿದ್ದ ಜಾಗ ನಾಲ್ಕೇ ನಾಲ್ಕು, ಅದರಲ್ಲೇ ನನ್ನ ಪ್ರೋಗ್ರಾಮೂ ಹಿಡಿಯಬೇಕು.

ಚಿಕ್ಕದನ್ನು ಹಾಕಿದರೆ ಚಿತ್ರ ಬಿಡಿಸಲಿಕ್ಕೆ ಬರುವುದಿಲ್ಲ. ಕನ್ನಡದ ಅಕ್ಷರಗಳನ್ನು ನಾನು ಚಿತ್ರಗಳಾಗಿಯೇ ಮಾಡಿದ್ದೆ, ಹಾಗಾಗಿ ಅದು ಆಗದು. ಹೆಚ್ಚು ಜಾಗದ ಚಿಪ್ಪು ಬೇಕೆಂದರೆ ಬೋರ್ಡೇ ಬದಲಾಗಬೇಕು, ಅದಕ್ಕೆ ಎರಡು ತಿಂಗಳು. ಇಂಜಿನಿಯರ್ ತಲೆ ತುರಿಸಿಕೊಂಡು ಹೇಳಿದರು: “ನಡುವಿನದನ್ನು ತಗೊಳ್ಳಿ. ಅದರಿಂದ ನಮಗೆ ಬೇಡದ್ದನ್ನು ಒಂದೊಂದೇ ತೆಗೆದು ನೋಡುವ. ನಿಮಗೆ ಅಕ್ಕಿಯಲ್ಲಿ ಕಲ್ಲು ಹೆಕ್ಕಿ ಅಭ್ಯಾಸ ಉಂಟಲ್ಲ.”

ಹದಿನೈದು ದಿನ ಅದೇ ಮಾಡಿದೆ. ಒಂದು ತುಂಡು ತೆಗೆಯುವುದು, ಪೆಟ್ಟಿಗೆ ಚಾಲು ಮಾಡುವುದು, ನಡೆದರೆ ಆ ತುಂಡು ಬೇಡ ಎಂದು ಪುಸ್ತಕದಲ್ಲಿ ಗೀಟು ಹಾಕುವುದು. ನಡೆಯದಿದ್ದರೆ ಅದನ್ನು ಪುನಃ ಹಾಕಿ ಇನ್ನೊಂದನ್ನು ತೆಗೆಯುವುದು. ಆ ನಡುವೆ ಅಳತೆಗೆಂದು ಕಾರ್ಖಾನೆಗೆ ಹೋದಾಗ ಕಾಕನಿಗೂ ಅಕ್ಕನಿಗೂ ಈ ಕಷ್ಟ ಹೇಳಿದೆ. ಕಾಕ ಜೋರಾಗಿ ನಕ್ಕರು.

“ಇದು ನನ್ನ ಅಳಿಯ ಗಲ್ಫಿಗೆ ಹೊರಟ ಹಾಗೇ ಆಯಿತಲ್ಲ ಮಗಳೇ! ವಿಮಾನದವರು ಇಪ್ಪತ್ತು ಕಿಲೋ ಎಂದರು. ಮನೆಯ ಹೆಂಗಸರೆಲ್ಲ ಸೇರಿ ತೂಕ ಮಾಡಿದ್ದೇ ಮಾಡಿದ್ದು. ಹಲ್ವ ಇಡು, ಅಂಗಿ ತೆಗೆ. ಒಣಮೀನು ಇಡು, ಟವೆಲ್ ತೆಗೆ. ಬರೋಬ್ಬರಿ ಇಪ್ಪತ್ತು ಮಾಡಿದರು.”

“ಮತ್ತೆ?” ಎಂದಳು ಅಕ್ಕ.

“ಮತ್ತೆಂತ, ಅಲ್ಲಿ ಇಳಿದು ಕಾಗದ ಓದಲಿಕ್ಕೆ ನೋಡ್ತಾನೆ, ಕನ್ನಡಕವೇ ಇಲ್ಲ! ಒಣಮೀನಿಗೆ ಜಾಗ ಮಾಡ್ಲಿಕ್ಕೆ ಅದನ್ನು ತೆಗೆದಿದ್ದಾರೆ. ಇಲ್ಲಿ ಮನೆಯಲ್ಲಿ ಯಾರಿಗೂ ಗೊತ್ತೇ ಇಲ್ಲ.”

ನಾವು ಮೂವರೂ ನಕ್ಕೆವು.

ಪೆಟ್ಟಿಗೆ ಕೊಂಡುಹೋಗುವ ಹಿಂದಿನ ಸಂಜೆ ಇನ್ನೂ ಒಂದಿಷ್ಟು ಜಾಗ ಸಾಲದೆ ಬಂತು. ಪಟ್ಟಿಯಲ್ಲಿ ಬೆರಳಿಟ್ಟು ನೋಡುತ್ತ ಹೋದೆ. ತಾರೀಕನ್ನು ಅಕ್ಷರದಲ್ಲಿ ಬರೆಯುವ ಒಂದು ತುಂಡು ಇತ್ತು. ತಿಂಗಳ ಹೆಸರು, ವಾರದ ಹೆಸರು, ದೇಶ ದೇಶದ ಗಡಿಯಾರದ ವ್ಯತ್ಯಾಸ, ಎಲ್ಲ ಸೇರಿ ದಪ್ಪ ತುಂಡು. ನಮ್ಮ ಪರದೆಯ ಮೇಲೆ ತಾರೀಕೇ ಬರುವುದಿಲ್ಲ, ಇದು ಯಾಕೆ ಎಂದುಕೊಂಡು ತೆಗೆದೆ. ಪೆಟ್ಟಿಗೆ ಚಾಲು ಆಯಿತು. ಬಾಟಲಿಯ ಮುಚ್ಚಳ ಸ್ವಲ್ಪ ಎತ್ತಿದೆ, ‘ತುಂಬ’ ಹೋಗಿ ‘ಅರ್ಧ’ ಬಂತು. ಬಸ್ಸಿಗೆ ಹೊತ್ತಾಗಿತ್ತು. ಪೂರ್ತಿ ಎತ್ತಿ ನೋಡಲಿಲ್ಲ. “ನಾಳೆ ಅಲ್ಲಿ ಹೇಗೂ ನೋಡ್ಲಿಕ್ಕುಂಟಲ್ಲ” ಎಂದರು ಇಂಜಿನಿಯರ್. ನಾನೂ ಹೌದೆಂದೆ.

ಮಾರನೆಯ ದಿನ ಕಾರ್ಖಾನೆಯಲ್ಲಿ ಬಾಯ್ಲರಿನ ಮುಂದೆ ರಂಗೋಲಿ ಹಾಕಿದ್ದರು. ಮಾಲಕರು ತೆಂಗಿನಕಾಯಿ ಒಡೆದರು, ಪೆಟ್ಟಿಗೆಗೆ ಕುಂಕುಮ ಹಚ್ಚಿದರು, ಎಲ್ಲರಿಗೂ ಪೇಡೆ ಹಂಚಿದರು. ಇನ್ನು ಸೈರನ್ ನೋಡುವ ಎಂದು ನಾನು ನಡುವಿನ ಕಡ್ಡಿಯ ವಯರಿಗೆ ಕೈ ಹಾಕಿದೆ. ಆ ವಯರು ಬಿಡಿಸಿದರೆ ನೀರು ಇಳಿದಿದೆ ಎಂದೇ ಪೆಟ್ಟಿಗೆಗೆ ಅನಿಸುತ್ತದೆ.

“ಬೇಡ, ಬೇಡ!” ಎಂದು ಮಾಲಕರು ತಡೆದರು. “ಶುರುವಿನ ದಿನವೇ ಅದನ್ನು ಅಳುವ ಹಾಗೆ ಮಾಡಬೇಡಿ. ಶಕುನ ಒಳ್ಳೆಯದಲ್ಲ.”

ಇಂಜಿನಿಯರ್ ನನ್ನ ಮುಖ ನೋಡಿದರು. ನಾನು ಕೈ ಹಿಂದಕ್ಕೆ ತೆಗೆದೆ. ನಮ್ಮ ಮನೆಯಲ್ಲಾದರೂ ಹಾಗೆಯೇ ಹೇಳುತ್ತಿದ್ದರು; ಗೃಹಪ್ರವೇಶದ ದಿನ ಮಗು ಅತ್ತರೂ ಬಾಯಿಗೆ ಸಕ್ಕರೆ ಹಾಕಿ ಸುಮ್ಮನಾಗಿಸುವವರು ನಾವು. ಇನ್ನೊಂದು ದಿನ ಬಂದು ನೋಡಿದರಾಯಿತು ಎಂದುಕೊಂಡೆ. ಆ ಇನ್ನೊಂದು ದಿನ ಬರಲೇ ಇಲ್ಲ. ಬಂಟ್ವಾಳದ ಇನ್ನೊಂದು ಕಾರ್ಖಾನೆಯವರು ತಮಗೂ ಒಂದು ಬೇಕೆಂದರು, ನಾವು ಆ ಕೆಲಸಕ್ಕೆ ಕೂತೆವು.

ಆ ಪೂಜೆಯ ದಿನ ಲಾಯಿಲದಿಂದ ಹೊರಡುವ ಮೊದಲು ಕಾಕ ಕೇಳಿದರು: “ಶುಕ್ರವಾರ ಜುಮಾ ನಮಾಜಿಗೆ ಹೋಗುವಾಗ ನನಗೆ ಭಯ ಮಗಳೇ. ಹೋಗಿ ಬರಲಿಕ್ಕೆ ಒಂದೂಕಾಲು ಗಂಟೆ ಬೇಕಾಗ್ತದೆ. ಇಷ್ಟು ದಿನ ಇನ್ನೊಬ್ಬ ಗಂಡಸು ನೋಡ್ತಿದ್ದ. ಅವ ಕೆಲಸ ಬಿಟ್ಟ. ಈಗ ನಿನ್ನ ಅಕ್ಕನೇ ಊಟದ ಬುತ್ತಿ ಹಿಡ್ಕೊಂಡು ಇಲ್ಲಿ ಕೂರುದು. ಸಾಕಾ?”

“ಧೈರ್ಯದಲ್ಲಿ ಹೋಗಿ ಕಾಕ. ನೀರು ಕಡಿಮೆಯಾದರೆ ಇದು ಕೂಗ್ತದೆ.” ಅಕ್ಕನಿಗೂ ಹೇಳಿದೆ: “ನೀನು ಆ ಗಾಜನ್ನೇ ನೋಡ್ತಾ ಊಟ ಮಾಡ್ಬೇಕಂತ ಇಲ್ಲ. ಬೆನ್ನು ಹಾಕಿ ಕೂತರೂ ಅಡ್ಡಿ ಇಲ್ಲ.”

“ಹೌದಾ? ಹಾಗಾದ್ರೆ ಈ ಬಿಸಿಗೆ ಮುಖ ಕೊಡುದು ತಪ್ಪಿತು” ಎಂದಳು ಅವಳು. ಅವಳ ಮುಖದ ಒಂದು ಬದಿ ವರ್ಷಗಟ್ಟಲೆ ಆ ಝಳಕ್ಕೆ ಕಪ್ಪಾಗಿತ್ತು.

ಕಾಕ ಅದೇ ದಿನ ಇನ್ನೊಂದು ಮಾತೂ ಹೇಳಿದ್ದರು, ನಾನು ಕೇಳದೆಯೇ. “ಒಂದು ವೇಳೆ ನೀರು ಪೂರಾ ಹೋದರೆ ಯಾರೂ ಪಂಪು ಹಾಕಬಾರದು. ಕಾದ ಕಬ್ಬಿಣಕ್ಕೆ ನೀರು ಬಿದ್ದರೆ ಬಾಯ್ಲರು ಹಾರಿ ಹೋಗ್ತದೆ. ಮೊದಲು ಬೆಂಕಿ ಎಳೀಬೇಕು. ಬೆಂಕಿ ಎಳೆದು ಓಡಬೇಕು.” ಹಬೆ ಹೆಚ್ಚಾದರೆ ಬಿಡುವ ವಾಲ್ವ್ ಇತ್ತು. ನೀರು ಹೋದದ್ದು ಅದಕ್ಕೆ ತಿಳಿಯುವುದಿಲ್ಲ ಎಂದೂ ಹೇಳಿದ್ದರು.

ಮೂರು ವಾರ ಕಳೆಯಿತು. ಏಪ್ರಿಲ್ ತಿಂಗಳು, ಬಾವಿಗಳೆಲ್ಲ ತಳ ಕಾಣುವ ಸಮಯ. ಆ ಶುಕ್ರವಾರ ಇಂಜಿನಿಯರ್ ಬೆಳಿಗ್ಗೆಯೇ ತಮ್ಮ ವ್ಯಾನಿನಲ್ಲಿ ಬಂಟ್ವಾಳಕ್ಕೆ ಹೋಗಿದ್ದರು. ನಾನು ಬಂಟ್ವಾಳದ ಪೆಟ್ಟಿಗೆಗೆ ಅದೇ ಕತ್ತರಿಸಿದ ಕಟ್ಟನ್ನು ಹಾಕಿ ಬಾಟಲಿಯ ಮುಂದೆ ಕೂತೆ. ಮುಚ್ಚಳ ಎತ್ತಿದೆ. ‘ತುಂಬ’. ‘ಅರ್ಧ’. ಇನ್ನೂ ಎತ್ತಿದೆ. ‘ಅರ್ಧ’. ಕಡ್ಡಿಗಳನ್ನು ಪೂರ್ತಿ ಹೊರಗೆ ತೆಗೆದು ಮೇಜಿನ ಮೇಲಿಟ್ಟೆ. ಅವುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಪರದೆಯಲ್ಲಿ ಮಾತ್ರ ‘ಅರ್ಧ’. ಸೈರನ್ ಇಲ್ಲ.

ವಯರು ಬಿಟ್ಟಿರಬಹುದು ಎಂದು ನೋಡಿದೆ. ಬಿಟ್ಟಿರಲಿಲ್ಲ. ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಜೋಡಿಸಿ ಒಳಗೆ ಏನಾಗಿದೆ ಎಂದು ಓದಿದೆ. ಒಂದೇ ಸಾಲು ಇತ್ತು. ತಾರೀಕು ಬರೆಯುವ ತುಂಡು ಸಿಗಲಿಲ್ಲ ಎಂದು ಪ್ರೋಗ್ರಾಂ ಅಲ್ಲಿಗೇ ನಿಂತಿತ್ತು. ನೀರು ಕಡಿಮೆಯಾದ ಕೂಡಲೇ ಮೊದಲು ಬರೆಯಲು ಹೋಗಿದೆ, ಬರೆಯುವ ಕೈ ಇಲ್ಲ, ಅಲ್ಲೇ ಸತ್ತಿದೆ. ಸೈರನ್ನಿನ ಸಾಲಿನವರೆಗೆ ಬಂದೇ ಇಲ್ಲ. ಸಾಯುವ ಮೊದಲು ತೋರಿಸಿದ ‘ಅರ್ಧ’ ಪರದೆಯ ಮೇಲೆ ಹಾಗೆಯೇ ಉಳಿದಿದೆ.

ಲಾಯಿಲದಲ್ಲಿರುವುದು ಇದೇ ಕಟ್ಟು. ಗೋಡೆಯ ಗಡಿಯಾರ ನೋಡಿದೆ, ಹನ್ನೊಂದೂವರೆ. ಶುಕ್ರವಾರ. ಹನ್ನೆರಡೂಕಾಲಿಗೆ ಕಾಕ ಹೊರಡುತ್ತಾರೆ. ಅಕ್ಕ ಬೆನ್ನು ಹಾಕಿ ಕೂರುತ್ತಾಳೆ. ಹಾಗೆ ಕೂರಲು ಹೇಳಿದವಳು ನಾನು.

ಕಾರ್ಖಾನೆಗೆ ಫೋನ್ ಮಾಡಿದೆ. ಎಂಗೇಜ್. ಪುನಃ ಮಾಡಿದೆ, ಎಂಗೇಜ್. ಅಲ್ಲಿಯ ಮ್ಯಾನೇಜರು ಬೇಗ ಊಟ ಮಾಡಿ ರಿಸೀವರನ್ನು ಮೇಜಿನ ಮೇಲೆ ಮಲಗಿಸಿ ತಾವೂ ಮಲಗುತ್ತಾರೆ ಎಂದು ಅಕ್ಕ ನಗುತ್ತ ಹೇಳಿದ್ದು ನೆನಪಾಯಿತು. ಐದು ಸಲ ಮಾಡಿದೆ. ನಂಬರು ತಪ್ಪಿ ಒಮ್ಮೆ ಬೇರೆ ಯಾರ ಮನೆಗೋ ಹೋಯಿತು. ಇಂಜಿನಿಯರರ ಹತ್ತಿರ ಮೊಬೈಲ್ ಇರಲಿಲ್ಲ. ವರ್ಕ್‌ಶಾಪಿನಲ್ಲಿ ಬೆಸುಗೆಯ ಕೆಲಸಕ್ಕಿದ್ದ ಹೆಂಗಸರಿಗೆ, ಕಾರ್ಖಾನೆಗೆ ಫೋನ್ ಮಾಡುತ್ತ ಇರಿ ಎಂದು ಹೇಳಿ, ಚಪ್ಪಲಿ ಹಾಕಿದೆನೋ ಇಲ್ಲವೋ ಎಂದೂ ತಿಳಿಯದೆ ಮೆಟ್ಟಿಲಿಳಿದೆ.

ಹನ್ನೊಂದೂಮುಕ್ಕಾಲರ ಬೆಳ್ತಂಗಡಿ ಬಸ್ಸು ಸಿಕ್ಕಿತು. ಕಿಟಕಿಯ ಪಕ್ಕ ಕೂತೆ. ಹೊರಗೆ ಏನು ಕಂಡಿತು ಎಂದು ಕೇಳಿದರೆ ಹೇಳಲಾರೆ. ಎಲ್ಲವನ್ನೂ ಗಮನಿಸಿ ಬರೆದಿಡುವ ನಾನು ಆ ದಾರಿಯ ಒಂದು ಮರವನ್ನೂ ನೆನಪಿನಲ್ಲಿ ಇಟ್ಟುಕೊಂಡಿಲ್ಲ. ಲೆಕ್ಕ ಹಾಕುತ್ತಿದ್ದೆ. ಕಾಕ ಹೊರಡುವ ಮೊದಲು ಬಾಯ್ಲರಿಗೆ ನೀರು ತುಂಬಿಸುತ್ತಾರೆ. ತುಂಬ ಇದ್ದರೆ ಒಂದೂಕಾಲು ಗಂಟೆಗೆ ಸಾಕು. ಆದರೆ ಬಾವಿಯಲ್ಲಿ ನೀರಿಲ್ಲದೆ ಪಂಪು ಗಾಳಿ ಎಳೆದರೆ? ಆಗ ಅವರು ಪೆಟ್ಟಿಗೆ ನೋಡುತ್ತಾರೆ. ‘ಅರ್ಧ’ ಉಂಟಲ್ಲ, ಸಾಕು ಎನ್ನುತ್ತಾರೆ. ಅದು ನಿಜವಾದ ಅರ್ಧವೋ, ಸತ್ತ ಅರ್ಧವೋ?

ವೇಣೂರಿನಲ್ಲಿ ಬಸ್ಸು ನಿಂತಿತು. ಡ್ರೈವರ್ ಇಳಿದು ಗೂಡಂಗಡಿಯ ಕಡೆ ನಡೆದ. ನಾನು ಕಂಡಕ್ಟರನ್ನು ಕೇಳಿದೆ, ಯಾಕೆ ಹೊರಡುವುದಿಲ್ಲ?

“ಏಳು ನಿಮಿಷ ಮುಂದೆ ಬಂದಿದ್ದೇವೆ ಅಕ್ಕ. ಟೈಮಿಂಗ್ ಉಂಟು. ಈಗ ಹೊರಟರೆ ಮುಂದಿನ ಬಸ್ಸಿನವ ಬೆಳ್ತಂಗಡಿಯಲ್ಲಿ ನನ್ನ ಕಾಲರ್ ಹಿಡೀತಾನೆ.”

“ದಮ್ಮಯ್ಯ, ಹೊರಡುವ. ಒಂದು ಜೀವದ ಪ್ರಶ್ನೆ.”

ಅವನು ನನ್ನ ಮುಖ ನೋಡಿದ. “ಆಸ್ಪತ್ರೆಯಾ?”

ಏನೆಂದು ಹೇಳುವುದು? ಒಂದು ತುಂಡು ಕಡಿಮೆಯಾಗಿದೆ ಎನ್ನಲೇ? “ನನ್ನ ಅಕ್ಕ” ಎಂದೆ. ಅಷ್ಟೇ ಹೇಳಲಿಕ್ಕಾದದ್ದು. ಅವನು ಬಾಗಿಲಿಗೆ ಎರಡು ಸಲ ಬಡಿದು ಕೂಗಿದ: “ಓಯ್, ಬಾ ಮಾರಾಯ! ಚಾ ಕುಡಿದದ್ದು ಸಾಕು. ಕಾಲರ್ ಹಿಡಿಸಿಕೊಳ್ಳುದು ನಾನು, ನಿನಗೆಂತ?” ಬಸ್ಸು ಹೊರಟಿತು. ಆ ಕಂಡಕ್ಟರನ ಉಪಕಾರವನ್ನು ನಾನು ಆಮೇಲೆ ಎಷ್ಟೋ ಸಲ ನೆನೆದಿದ್ದೇನೆ. ಅವನನ್ನು ಪುನಃ ಕಾಣಲಿಲ್ಲ.

ಬೆಳ್ತಂಗಡಿಯಲ್ಲಿ ಇಳಿದಾಗ ಒಂದು ಗಂಟೆಗೆ ಹತ್ತು ನಿಮಿಷವಿತ್ತು. ರಿಕ್ಷಾ ಹಿಡಿದು ಲಾಯಿಲಕ್ಕೆ ಹೋದೆ. ಕಾರ್ಖಾನೆಯ ಹತ್ತಿರ ಬರುವಾಗ ಮೊದಲು ಹೊಗೆಗೊಳವೆ ಕಾಣುತ್ತದೋ ಎಂದು ಕತ್ತು ಹೊರಗೆ ಹಾಕಿ ನೋಡಿದೆ. ಕೊಳವೆ ನಿಂತಿತ್ತು, ಹೊಗೆ ಬರುತ್ತಿತ್ತು. ಅಂಗಳದ ಆಚೆ ನೆರಳಿನಲ್ಲಿ ಹೆಂಗಸರು ಬುತ್ತಿ ಬಿಚ್ಚಿ ಕೂತಿದ್ದರು. ಯಾರೋ ನನ್ನ ಗುರುತು ಹಿಡಿದು “ಓ, ತಂಗಿ ಬಂದಳು” ಎಂದರು. ನಾನು ಶೆಡ್ಡಿಗೆ ಓಡಿದೆ.

ಅಕ್ಕ ಮರದ ಸ್ಟೂಲಿನ ಮೇಲೆ ಬಾಯ್ಲರಿಗೆ ಬೆನ್ನು ಹಾಕಿ ಕೂತಿದ್ದಳು. ಮಡಿಲಲ್ಲಿ ಬುತ್ತಿ, ಕೈಯಲ್ಲಿ ಉಪ್ಪಿನಕಾಯಿ ಹಚ್ಚಿದ ತುತ್ತು. ಅವಳ ಹಿಂದೆ, ಗೋಡೆಯ ಪೆಟ್ಟಿಗೆಯ ಮೇಲೆ, ನಾನೇ ಬಿಡಿಸಿದ ದೊಡ್ಡ ಅಕ್ಷರ: ‘ಅರ್ಧ’. ಅದರ ಪಕ್ಕದಲ್ಲಿ ಗಾಜಿನ ಕೊಳವೆ. ಒಳಗೆ ಏನೂ ಇರಲಿಲ್ಲ. ತುಂಬಿದ ಗಾಜೂ ಖಾಲಿ ಗಾಜೂ ಒಂದೇ ರೀತಿ ಕಾಣುತ್ತವೆ ಎಂದು ಕೇಳಿದ್ದೆ, ಹಾಗಾಗಿ ಹತ್ತಿರ ಹೋಗಿ ನೋಡಿದೆ. ನೀರಿನ ಗೆರೆ ಎಲ್ಲಿಯೂ ಇಲ್ಲ. ತಳದಲ್ಲಿ ಕೆಂಪು ಕೆಸರಿನ ಒಂದು ಉಂಗುರ ಮಾತ್ರ.

“ನೀನೆಂತ ಇವತ್ತು? ಊಟ ಆಯಿತಾ?” ಎಂದಳು ಅಕ್ಕ.

“ನೀರಿಲ್ಲ. ಅಕ್ಕ, ಒಳಗೆ ನೀರಿಲ್ಲ.”

ಅವಳು ತಿರುಗಿ ಗಾಜು ನೋಡಿದಳು. ಬುತ್ತಿ ನೆಲಕ್ಕೆ ಬಿತ್ತು. ಎದ್ದವಳೇ ಪಂಪಿನ ಸ್ವಿಚ್ಚಿಗೆ ಕೈ ಚಾಚಿದಳು. ಯಾರಾದರೂ ಹಾಗೆಯೇ ಮಾಡುತ್ತಾರೆ; ಒಲೆಯ ಮೇಲಿನ ಪಾತ್ರೆಯಲ್ಲಿ ನೀರು ಆರಿದರೆ ಕೈ ಮೊದಲು ನೀರಿನ ಕಡೆಗೇ ಹೋಗುತ್ತದೆ. ನಾನು ಅವಳ ಜಡೆಗೆ ಕೈ ಹಾಕಿ ಹಿಂದಕ್ಕೆ ಎಳೆದೆ. ನಲವತ್ತು ವರ್ಷದಲ್ಲಿ ಅಕ್ಕನ ಮೇಲೆ ಕೈ ಮಾಡಿದ್ದು ಅದೊಂದೇ ಸಲ.

“ಪಂಪು ಬೇಡ! ಕಾಕ ಹೇಳಿದ್ದು ನೆನಪಿಲ್ಲವಾ? ಬೆಂಕಿ ಎಳಿ!”

ಬೆಂಕಿ ಎಳೆಯುವ ಉದ್ದದ ಕಬ್ಬಿಣದ ಕೊಕ್ಕೆ ಗೋಡೆಗೆ ಒರಗಿತ್ತು. ಇಬ್ಬರೂ ಅದನ್ನು ಹಿಡಿದೆವು. ಒಲೆಯ ಬಾಗಿಲು ತೆರೆದ ಕೂಡಲೇ ಬಂದ ಝಳಕ್ಕೆ ನನ್ನ ಹುಬ್ಬಿನ ಕೂದಲು ಸುರುಟಿತು. ಉರಿಯುವ ಸಿಪ್ಪೆಯನ್ನು ಎಳೆದು ಎಳೆದು ನೆಲಕ್ಕೆ ಹಾಕಿದೆವು. ಎಣ್ಣೆ ಚಟಚಟ ಎನ್ನುತ್ತಿತ್ತು. ಬಾಯ್ಲರಿನ ಒಳಗಿನಿಂದ ಟಿಣ್, ಟಿಣ್ ಎಂದು ಕಬ್ಬಿಣ ಹಿಗ್ಗುವ ಸದ್ದು ಬರುತ್ತಿತ್ತು. ಒಂದೊಂದು ಸದ್ದಿಗೂ ಇದೇ ಕೊನೆ ಎಂದು ಅನಿಸಿ ಕಣ್ಣು ಮುಚ್ಚುತ್ತಿದ್ದೆ, ಪುನಃ ತೆರೆದು ಎಳೆಯುತ್ತಿದ್ದೆ. ಅಕ್ಕ ಬಾಯಿಯಲ್ಲಿ ದೈವದ ಹೆಸರು ಹೇಳುತ್ತಿದ್ದಳು. ನನಗೆ ಒಂದೂ ಹೆಸರು ನೆನಪಾಗಲಿಲ್ಲ.

ಬೆಂಕಿ ಪೂರ್ತಿ ಹೊರಗೆ ಬಂದ ಮೇಲೆ ಇಬ್ಬರೂ ಅಂಗಳದ ತುದಿಯವರೆಗೆ ಓಡಿದೆವು. ಊಟಕ್ಕೆ ಕೂತ ಹೆಂಗಸರನ್ನೂ ಎಬ್ಬಿಸಿ ಗೇಟಿನ ಹೊರಗೆ ಕಳಿಸಿದೆವು. ಅಲ್ಲಿ ನಿಂತು ಶೆಡ್ಡನ್ನೇ ನೋಡಿದೆವು. ಏನೂ ಆಗಲಿಲ್ಲ. ತಗಡಿನ ಮಾಡಿನ ಮೇಲೆ ಒಂದು ಕಾಗೆ ಬಂದು ಕೂತಿತು.

ಒಂದೂವರೆಗೆ ಕಾಕ ಬಂದರು. ಗೇಟಿನ ಹೊರಗೆ ನಿಂತ ನಮ್ಮನ್ನು ನೋಡಿದ ಕೂಡಲೇ ಅವರಿಗೆ ಅರ್ಥವಾಯಿತು. ತಲೆಯ ಟೊಪ್ಪಿ ತೆಗೆದು ಜೇಬಿಗಿಟ್ಟು ಒಬ್ಬರೇ ಒಳಗೆ ಹೋಗಿ ನೋಡಿ ಬಂದರು. ಬಂದವರು ನೆಲದ ಮೇಲೆ ಕೂತುಬಿಟ್ಟರು.

“ಪಂಪು ಗಾಳಿ ಎಳೀತಿತ್ತು. ಪೆಟ್ಟಿಗೆಯಲ್ಲಿ ಅರ್ಧ ಅಂತ ಕಂಡಿತು. ಈ ಕಣ್ಣಿಗೆ ಗಾಜು ಸರಿ ಕಾಣುದಿಲ್ಲ. ಅರ್ಧ ಸಾಕು ಅಂತ ಹೋದೆ” ಎಂದರು.

“ನಾನೂ ಅದು ಕೂಗಲಿಲ್ಲ ಅಂತ ಕೂತೆ” ಎಂದಳು ಅಕ್ಕ.

ಇಬ್ಬರೂ ತಮ್ಮ ತಪ್ಪೆಂಬ ಹಾಗೆ ಮಾತಾಡುತ್ತಿದ್ದರು. ಅಷ್ಟರಲ್ಲಿ ಮ್ಯಾನೇಜರು ಕಣ್ಣುಜ್ಜುತ್ತ ಬಂದರು, ಅವರ ಹಿಂದೆ ಮಾಲಕರು. ಮಾಲಕರು ಶೆಡ್ಡು ನೋಡಿದರು, ಪೆಟ್ಟಿಗೆ ನೋಡಿದರು, ಅಕ್ಕನನ್ನು ನೋಡಿದರು. “ರಿಜಿಸ್ಟರಿನಲ್ಲಿ ಎಂತ ಬರೆದಿದೆ, ತೆಗೀರಿ. ಎಷ್ಟು ಗಂಟೆಗೆ ನೀರು ಹೋದದ್ದು? ಸೈರನ್ ಆದರೂ ಇವಳು ಮಲಗಿದ್ದಳಾ?”

“ಏನೂ ಬರೆದಿಲ್ಲ, ಸೈರನ್ನೂ ಆಗಿಲ್ಲ” ಎಂದೆ. “ಬರೆಯಲಿಕ್ಕೆ ಬೇಕಾದದ್ದನ್ನು ನಾನೇ ತೆಗೆದಿದ್ದೆ. ಬರೆಯದೆ ಕೂಗದ ಹಾಗೆ ಮಾಡಿದವಳೂ ನಾನೇ. ಅಕ್ಕನದ್ದೂ ಕಾಕನದ್ದೂ ಇದರಲ್ಲಿ ಏನಿಲ್ಲ.”

ಮಾಲಕರು ಬಹಳ ಹೊತ್ತು ಬೈದರು. ಕಾಕ ನಡುವೆ ಬಾಯಿ ಹಾಕಿದರು: “ಬೈದದ್ದು ಸಾಕು ಧಣಿ. ಅವತ್ತು ಕೂಗಿಸಿ ನೋಡುವ ಅಂತ ಹೊರಟವಳೂ ಅವಳೇ. ಬೇಡ ಅಂತ ಹೇಳಿದ್ದು ಯಾರು?” ಮಾಲಕರು ಬಾಯ್ಲರ್ ಪರೀಕ್ಷೆ ಮಾಡುವವರಿಗೆ ಫೋನ್ ಮಾಡಲು ಆಫೀಸಿನ ಕಡೆ ತಿರುಗಿದರು. ಅವರಿಗೆ ಆ ಪೇಡೆಯ ದಿನ ನೆನಪಾಗಿರಬೇಕು.

ಬಾಯ್ಲರನ್ನು ಪರೀಕ್ಷೆ ಮಾಡುವವರು ಬಂದು ನೋಡಿ, ಒಳಗಿನ ಒಂದು ಕೊಳವೆ ಬಗ್ಗಿದೆ ಎಂದು ಬದಲಿಸಿಕೊಟ್ಟರು. ಆ ಎರಡು ವಾರ ನಾನು ಪೆಟ್ಟಿಗೆಯ ಮುಂದೆ ಕೂತೆ. ರಿಜಿಸ್ಟರನ್ನೇ ತೆಗೆದು ಹಾಕಿದೆ. ಬೇಕಾದವರು ಕಾಗದದ ಪುಸ್ತಕದಲ್ಲಿ ಬರೆಯಲಿ ಎಂದೆ. ನೀರು ಕಡಿಮೆಯಾದರೆ ಮಾಡುವ ಮೊದಲ ಕೆಲಸ ಕೂಗುವುದು, ಆಮೇಲೆ ಪರದೆ. ಪ್ರೋಗ್ರಾಂ ಎಲ್ಲಿ ಸತ್ತರೂ ಸೈರನ್ ತಾನಾಗಿ ಆಗುವ ಹಾಗೆ ಇಂಜಿನಿಯರ್ ಬೇರೆ ಒಂದು ತಂತಿ ಹಾಕಿಕೊಟ್ಟರು. ಕಟ್ಟಿನಿಂದ ತೆಗೆದ ಪ್ರತಿ ತುಂಡಿಗೂ ಕಡ್ಡಿಗಳನ್ನು ಪೂರ್ತಿ ಎತ್ತಿ ನೋಡಿ ಆಮೇಲೆಯೇ ಗೀಟು ಹಾಕಿದೆ. ಕೆಳಗಿನ ಟೈಲರರು ಎರಡು ಸಲ ಮೇಲೆ ಬಂದು ಕೈ ಮುಗಿದರು: “ಅಕ್ಕ, ಆ ಸದ್ದಿಗೆ ನನ್ನ ಕತ್ತರಿ ಓರೆ ಹೋಗ್ತದೆ. ಒಂದು ರವಿಕೆ ಹಾಳಾಯಿತು.” ಇನ್ನೊಂದು ಸಲ ಮಾತ್ರ ಎಂದು ಹೇಳಿ ಇನ್ನೂ ಹತ್ತು ಸಲ ಕೂಗಿಸಿದೆ. ಬಂಟ್ವಾಳದ ಕಾರ್ಖಾನೆಯಲ್ಲಿ ತೆಂಗಿನಕಾಯಿ ಒಡೆಯುವ ಮೊದಲೇ ನಾನು ವಯರು ಬಿಡಿಸಿ ಕೂಗಿಸಿದೆ. ಅಲ್ಲಿಯವರು ಮುಖ ಸಿಂಡರಿಸಿದರು. ಸಿಂಡರಿಸಲಿ.

ಲಾಯಿಲದಲ್ಲಿ ಒಂದು ಹೊಸ ಪದ್ಧತಿ ಶುರುವಾಯಿತು, ಮಾಡಿದ್ದು ಕಾಕ. ಪ್ರತಿ ಶುಕ್ರವಾರ ಜುಮಾಕ್ಕೆ ಹೊರಡುವ ಮೊದಲು ಅವರೇ ವಯರು ಬಿಡಿಸಿ ಪೆಟ್ಟಿಗೆಯನ್ನು ಒಮ್ಮೆ ಕೂಗಿಸುತ್ತಿದ್ದರು. ಆ ಕೂಗಿಗೆ ಹೆಂಗಸರು ಕೈ ತೊಳೆದು ಬುತ್ತಿ ಬಿಚ್ಚುತ್ತಿದ್ದರು. ಅಕ್ಕ ತನ್ನ ಸ್ಟೂಲನ್ನು ತಿರುಗಿಸಿ ಗಾಜಿಗೆ ಎದುರಾಗಿ ಇಟ್ಟುಕೊಂಡಳು. ಬೆನ್ನು ಹಾಕಿ ಕೂರು ಎಂದು ನಾನು ಮತ್ತೆ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ನನ್ನ ಭಯ ಹೋಗಲಿಲ್ಲ. ಶುಕ್ರವಾರ ಹನ್ನೆರಡು ಗಂಟೆಯಾದರೆ ಎಲ್ಲಿದ್ದರೂ ಕೈ ನಿಲ್ಲುತ್ತಿತ್ತು. ಮನೆಯಲ್ಲಿ ಕುಕ್ಕರಿನ ಸೀಟಿ ತಡವಾದರೆ ಒಲೆ ಆರಿಸಿ ದೂರ ನಿಲ್ಲುತ್ತಿದ್ದೆ. ಮಗ ಶಾಲೆಯ ಪ್ರವಾಸಕ್ಕೆ ಚೀಲ ಕಟ್ಟಿದರೆ, ಅವನು ಒಳಗೆ ಇಟ್ಟದ್ದನ್ನು ಬಿಟ್ಟು, ಏನು ಬಿಟ್ಟಿದ್ದಾನೆ ಎಂದೇ ಹುಡುಕುತ್ತಿದ್ದೆ.

ಎರಡು ವರ್ಷದ ನಂತರ ಒಂದು ಶುಕ್ರವಾರ ಹನ್ನೆರಡೂವರೆಗೆ ವರ್ಕ್‌ಶಾಪಿನ ಫೋನ್ ಬಂತು. ಅಕ್ಕ. ಅವಳು ಫೋನ್ ಮಾಡುವವಳೇ ಅಲ್ಲ.

“ಕಾಕ ವಯರು ಬಿಡಿಸಿದರು. ಕೂಗಲಿಲ್ಲ” ಎಂದಳು.

ಪಟ್ಟಿಯ ಪುಸ್ತಕ ಎಳೆದುಕೊಂಡೆ. “ನೀರು?”

“ನೀರು ಉಂಟು, ಗಾಜಿನಲ್ಲಿ ತುಂಬ ಕಾಣ್ತಾ ಉಂಟು.”

“ಬೆಂಕಿ?”

“ಎಳೆದಾಯಿತು. ಮಾಲಕರು ಬೊಬ್ಬೆ ಹೊಡೀತಾ ಇದ್ದಾರೆ, ಇವತ್ತಿನ ಬೀಜ ಹಾಳಾಯಿತು ಅಂತ. ಹೊಡೀಲಿ. ಅದು ಕೂಗದೆ ನಾನು ಇಲ್ಲಿ ಬೆಂಕಿ ಹಾಕ್ಲಿಕ್ಕೆ ಬಿಡುದಿಲ್ಲ. ನೀನು ನಿಧಾನಕ್ಕೆ ಊಟ ಮಾಡಿ ಬಾ.”

ನಾನು ಊಟ ಮಾಡಲಿಲ್ಲ. ಅದೇ ದಾರಿಯ ಬಸ್ಸು, ಅದೇ ವೇಣೂರಿನ ಟೈಮಿಂಗು. ದಾರಿಯುದ್ದಕ್ಕೂ ಯಾವ ತುಂಡು, ಯಾವ ತುಂಡು ಎಂದು ತಲೆಯೊಳಗೆ ಪಟ್ಟಿ ಓದುತ್ತ ಹೋದೆ. ಹೋಗಿ ಪೆಟ್ಟಿಗೆ ತೆರೆದು ನೋಡಿದರೆ ಸೈರನ್ನಿನ ವಯರನ್ನು ಇಲಿ ಕಡಿದಿತ್ತು. ಜೋಡಿಸಿದೆ. ಮೊದಲ ಎರಡು ಸಲ ತಪ್ಪಿತು. ಅಕ್ಕ ಗಾಜಿಗೆ ಮುಖ ಕೊಟ್ಟು ಸ್ಟೂಲಿನ ಮೇಲೆ ಕೂತಿದ್ದಳು. ಒಲೆ ತಣ್ಣಗಿತ್ತು, ಆದರೂ ಗಾಜಿನಿಂದ ಕಣ್ಣು ತೆಗೆದಿರಲಿಲ್ಲ.

“ಆಯಿತಾ?” ಎಂದು ಕೇಳಿದಳು.

“ಆಯಿತು.”

“ಹಾಗಾದ್ರೆ ಕೂಗಿಸು. ಕೇಳಿಯೇ ಏಳ್ತೇನೆ.”